ಮಿಡಿತಕ್ಕೆ ಏಳು ಕೆಲಸ

ಬೆಂಗಳೂರಿನಿಂದ ಮುಳಬಾಗಿಲಿಗೆ ಹೊರಟವರಿಗೆ ಹೊಸಕೋಟೆ ದಾಟಿ, ಕೋಲಾರ ಇನ್ನೂ ಮುಂದಿದೆ ಅನ್ನುವಾಗ ನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. ತೈವಾನಿನ ವಿಸ್ಟ್ರಾನ್ ಕಂಪನಿ ಶುರು ಮಾಡಿದ ಐಫೋನ್ ಜೋಡಣೆಯ ಕಾರ್ಖಾನೆ ಇರುವುದು ಅಲ್ಲಿ. 2023ರಲ್ಲಿ ಅದನ್ನು ಟಾಟಾದವರು ಕೊಂಡರು. ಅಲ್ಲಿ ಚಿಪ್ ತಯಾರಾಗುವುದಿಲ್ಲ. ತೈವಾನಿನಲ್ಲಿ ಆದದ್ದು ಬಂದು ಫೋನಿನೊಳಗೆ ಕೂರುತ್ತದೆ, ಅಷ್ಟೆ. ಉಗುರಿನಗಲದ ಆ ಚಿಪ್ಪಿನ ದೊಡ್ಡ ಕೋರುಗಳು ಸೆಕೆಂಡಿಗೆ ಮುನ್ನೂರು ಕೋಟಿ ಸಲಕ್ಕೂ ಹೆಚ್ಚು ಮಿಡಿಯುತ್ತವೆ. ಈಚಿನ ಮಾದರಿಗಳಲ್ಲಿ ಒಂದೊಂದು ಮಿಡಿತಕ್ಕೂ ಒಂದು ಕೋರು ಪ್ರೋಗ್ರಾಮಿನ ಎಂಟು ಆದೇಶಗಳನ್ನು ಒಟ್ಟಿಗೇ ಬಿಡಿಸಿಕೊಂಡು ಕೆಲಸಕ್ಕೆ ಹಚ್ಚಬಲ್ಲದು.

ಮಿಡಿತದ ವೇಗದ ಬಗ್ಗೆ ಜಾಹೀರಾತುಗಳು ಸಾಕಷ್ಟು ಹೇಳಿವೆ. ಗಿಗಾಹರ್ಟ್ಸ್ ಅಂದರೆ ಅಂಗಡಿಯವನಿಗೂ ಗೊತ್ತು. ಮಿಡಿತವೊಂದಕ್ಕೆ ಎಷ್ಟು ಕೆಲಸ ಅನ್ನುವ ಲೆಕ್ಕ ಮಾತ್ರ ಪೆಟ್ಟಿಗೆಯ ಮೇಲೆ ಎಲ್ಲೂ ಅಚ್ಚಾಗುವುದಿಲ್ಲ. ಆದರೆ ಅರವತ್ತು ವರ್ಷ ನಡೆದ ಜಗಳ ಈ ಎರಡನೆಯದರದ್ದು. ಅದರಲ್ಲಿ ಒಂದು ಪಕ್ಷದ ಮುಂದಾಳು ಬಂಟ್ವಾಳ ರಾಮಕೃಷ್ಣ ರಾವ್. ನೇತ್ರಾವತಿಯ ದಂಡೆಯ ಊರನ್ನು ಹೆಸರಿನ ಮುಂದೆ ಹೊತ್ತುಕೊಂಡು ಹೋದ ಈತನನ್ನು ಅಮೆರಿಕದವರು ಬಾಬ್ ರಾವ್ ಎಂದು ಕರೆದರು. ನಮ್ಮಲ್ಲಿ ಕರೆದವರೇ ಕಡಿಮೆ.

ಜಗಳ ಏನೆಂದರೆ, ಪ್ರೋಗ್ರಾಮ್ ಬರೆಯುವವರು ಆದೇಶಗಳನ್ನು ಒಂದರ ಹಿಂದೊಂದು ಬರೆಯುತ್ತಾರೆ. ಅವು ಅದೇ ಸಾಲಿನಲ್ಲಿ ನಡೆಯುತ್ತವೆ ಎಂದೇ ನಂಬಿರುತ್ತಾರೆ. ಆ ನಂಬಿಕೆಗೆ ಚ್ಯುತಿ ಬರಬಾರದು, ಕೆಲಸ ಮಾತ್ರ ಒಟ್ಟೊಟ್ಟಿಗೆ ಸಾಗಬೇಕು. ಹಾಗಾದರೆ ಯಾವ ಆದೇಶ ಯಾವುದಕ್ಕೆ ಕಾಯಬೇಕು, ಯಾವುದು ಕಾಯದೆ ಮುಂದೆ ಹೋಗಬಹುದು ಎಂದು ಲೆಕ್ಕ ಹಾಕುವವರು ಯಾರು? ಮುಳಬಾಗಿಲಿನ ದೋಸೆ ಹೋಟೆಲಿಗೂ ಮದುವೆ ಮನೆಯ ಅಡುಗೆಗೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಮದುವೆಯ ಅಡುಗೆ ಭಟ್ಟರು ಹಿಂದಿನ ರಾತ್ರಿಯೇ ಎಲ್ಲ ಗೊತ್ತು ಮಾಡಿರುತ್ತಾರೆ. ಯಾವ ಒಲೆಯ ಮೇಲೆ ಎಷ್ಟು ಹೊತ್ತಿಗೆ ಯಾವ ಕೊಪ್ಪರಿಗೆ ಏರಬೇಕು, ಯಾವುದು ಇಳಿಯಬೇಕು ಎಂಬುದೆಲ್ಲ. ಹೆದ್ದಾರಿ ಬದಿಯ ಹೋಟೆಲಿನವನಿಗೆ ಆ ಭಾಗ್ಯವಿಲ್ಲ. ಬಸ್ಸು ಯಾವಾಗ ನಿಲ್ಲುತ್ತದೋ, ಇಳಿದವರು ಏನು ಕೇಳುತ್ತಾರೋ ಗೊತ್ತಿಲ್ಲ. ಕಾವಲಿಯ ಮೇಲೆ ದೋಸೆ ಬೇಯುತ್ತಿರುವಾಗ ಅವನು ಬಾಣಲೆಯಿಂದ ವಡೆ ಎತ್ತುತ್ತಾನೆ, ತಡವಾಗಿ ಬಂದವನ ಕಾಫಿ ಮೊದಲೇ ಕಳಿಸುತ್ತಾನೆ, ಬಿಲ್ಲು ಮಾತ್ರ ತಪ್ಪದಂತೆ ನೋಡಿಕೊಳ್ಳುತ್ತಾನೆ. ಲೆಕ್ಕವನ್ನು ಮೊದಲೇ ಹಾಕಿಡುವುದು, ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರಿನ ಕೆಲಸ ಎಂದವರು ಒಂದು ಕಡೆ, ನಿಂತ ನಿಲುವಿನಲ್ಲಿ ಚಿಪ್ಪೇ ಹಾಕಿಕೊಳ್ಳಲಿ ಎಂದವರು ಇನ್ನೊಂದು ಕಡೆ.

ಎರಡನೆಯ ಪಕ್ಷ ಮೊದಲು ಹುಟ್ಟಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಕೂತು ಸೀಮೋರ್ ಕ್ರೇ ಕಟ್ಟಿದ ಸಿಡಿಸಿ 6600 ಯಂತ್ರ 1964ರಲ್ಲಿ ಹೊರಬಂತು. ಕೂಡುವುದಕ್ಕೆ, ಗುಣಿಸುವುದಕ್ಕೆ, ಭಾಗಿಸುವುದಕ್ಕೆ ಎಂದು ಬೇರೆಬೇರೆಯಾಗಿ ಅದರಲ್ಲಿ ಹತ್ತು ಘಟಕಗಳಿದ್ದವು. ಯಾವ ಘಟಕ ಖಾಲಿ ಇದೆ, ಯಾವ ಬೆಲೆ ಇನ್ನೂ ಬಂದಿಲ್ಲ ಎಂದು ಲೆಕ್ಕ ಇಡುವ ಸ್ಕೋರ್‌ಬೋರ್ಡ್ ಒಂದಿತ್ತು. ಮಿಡಿತಕ್ಕೆ ಒಂದೇ ಆದೇಶ ಒಳಗೆ ಹೋಗುತ್ತಿತ್ತಾದರೂ ಒಳಗೆ ಹೋದ ಮೇಲೆ ಹಲವು ಒಟ್ಟಿಗೆ ನಡೆಯುತ್ತಿದ್ದವು. ಇದನ್ನು ಮಾಡಿದ ತಂಡದಲ್ಲಿ ಇದ್ದವರು 34 ಮಂದಿ, ಕಸ ಗುಡಿಸುವವನೂ ಸೇರಿ. ಆ ಸಂಖ್ಯೆಯನ್ನು ಬರೆದಿಟ್ಟವನು ಐಬಿಎಂನ ಮುಖ್ಯಸ್ಥ ಥಾಮಸ್ ವಾಟ್ಸನ್. ಇಷ್ಟು ದೊಡ್ಡ ಕಂಪನಿಯಾಗಿ ನಾವು ಹಿಂದೆ ಬಿದ್ದದ್ದು ಹೇಗೆ ಎಂದು 1963ರ ಆಗಸ್ಟಿನಲ್ಲೇ ತನ್ನ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡ ಪತ್ರ ಅದು.

ಐಬಿಎಂನಿಂದ ಉತ್ತರ ಬಂದದ್ದು 360/91 ಎಂಬ ಯಂತ್ರದಲ್ಲಿ. ಅದರ ಒಂದು ಮೂಲೆಯಲ್ಲಿ ರಾಬರ್ಟ್ ಟೊಮಾಸುಲೊ ಎಂಬ ಎಂಜಿನಿಯರ್ ಹೂಡಿದ ಉಪಾಯ ಇವತ್ತಿಗೂ ಎಲ್ಲ ದೊಡ್ಡ ಪ್ರೊಸೆಸರುಗಳ ಹೊಟ್ಟೆಯಲ್ಲಿದೆ. ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನಾಲ್ಕು ಆದೇಶಗಳಿವೆ ಅನ್ನಿ. ಮೊದಲನೆಯದು ಮೆಮರಿಯಿಂದ ಒಂದು ಬೆಲೆಯನ್ನು 1ನೇ ರಿಜಿಸ್ಟರಿಗೆ, ಅಂದರೆ ಪ್ರೊಸೆಸರಿನ ಒಳಗಿನ ಒಂದು ಪುಟ್ಟ ಗೂಡಿಗೆ, ತರುತ್ತದೆ. ಎರಡನೆಯದು ಆ ಬೆಲೆಗೆ ಐದು ಕೂಡಿಸಿ 2ನೇ ರಿಜಿಸ್ಟರಿನಲ್ಲಿ ಇಡುತ್ತದೆ. ಮೂರನೆಯದು 3 ಮತ್ತು 4ನೇ ರಿಜಿಸ್ಟರುಗಳನ್ನು ಗುಣಿಸಿ 5ರಲ್ಲಿ ಇಡುತ್ತದೆ. ನಾಲ್ಕನೆಯದು 1ನೇ ರಿಜಿಸ್ಟರಿನಲ್ಲಿ ಏಳು ಎಂಬ ಹೊಸ ಬೆಲೆ ಇಡುತ್ತದೆ. ಮೆಮರಿ ನಿಧಾನ, ಮೊದಲನೆಯದು ಮುಗಿಯುವ ತನಕ ಎರಡನೆಯದು ಕಾಯಲೇಬೇಕು, ಅದಕ್ಕೆ ಮದ್ದಿಲ್ಲ. ಮೂರನೆಯದಕ್ಕೆ ಇವರಿಬ್ಬರ ಗೊಡವೆಯೇ ಇಲ್ಲ, ಅದು ಈಗಲೇ ಹೊರಡಬಹುದು. ತಕರಾರು ಇರುವುದು ನಾಲ್ಕನೆಯದರಲ್ಲಿ. ಅದು ಅವಸರಪಟ್ಟು ಏಳನ್ನು ಬರೆದರೆ, ಎರಡನೆಯದು ಹಳೆಯ ಬೆಲೆಯ ಬದಲು ಏಳನ್ನು ಎತ್ತಿಕೊಂಡು ಎಡವಟ್ಟಾಗುತ್ತದೆ. ಆದರೆ ಇವೆರಡಕ್ಕೂ ಇರುವುದು ನಿಜವಾದ ನಂಟಲ್ಲ. ರಿಜಿಸ್ಟರುಗಳು ಕೆಲವೇ ಇರುವುದರಿಂದ ಒಂದೇ ಹೆಸರು ಎರಡು ಕಡೆ ಬಳಕೆಯಾಗಿದೆ, ಅಷ್ಟೆ. ಟೊಮಾಸುಲೊ ಹಿಡಿದದ್ದು ಇದನ್ನೇ. ಆದೇಶವನ್ನು ಹೆಸರಿಗಾಗಿ ಕಾಯಿಸಬೇಡ, ಬೆಲೆಗಾಗಿ ಕಾಯಿಸು. ಕಾಯುವ ಪ್ರತಿಯೊಂದು ಆದೇಶಕ್ಕೂ ತನ್ನ ಬೆಲೆ ಯಾವ ಘಟಕದಿಂದ ಬರಬೇಕು ಎಂಬ ಗುರುತು ಕೊಟ್ಟುಬಿಡು. ಘಟಕ ಕೆಲಸ ಮುಗಿಸಿದ ಕೂಡಲೇ ಫಲಿತಾಂಶವನ್ನು ಎಲ್ಲರಿಗೂ ಕೇಳುವಂತೆ ಸಾರಲಿ, ಬೇಕಾದವರು ಎತ್ತಿಕೊಳ್ಳಲಿ. 1967ರ ಪ್ರಬಂಧದಲ್ಲಿ ಇದು ಕೆಲವೇ ಪುಟಗಳಲ್ಲಿದೆ. ಅದಕ್ಕೆ ದೊಡ್ಡ ಪ್ರಶಸ್ತಿ ಬಂದದ್ದು ಮೂವತ್ತು ವರ್ಷದ ನಂತರ, 1997ರಲ್ಲಿ.

ಐಬಿಎಂನ ಒಳಗೇ ಇನ್ನೊಂದು ಕಥೆ ನಡೆಯುತ್ತಿತ್ತು, ಅದು ಹೊರಬರಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಎಸಿಎಸ್ ಎಂಬ ಯೋಜನೆಯಲ್ಲಿ ಜಾನ್ ಕಾಕ್ ಮೊದಲಾದವರು ಮಿಡಿತಕ್ಕೆ ಒಂದೇ ಆದೇಶ ಎಂಬ ಗೆರೆಯನ್ನೇ ದಾಟಲು ಹೊರಟಿದ್ದರು. ಲಿನ್ ಕಾನ್ವೇ ಎಂಬ ಯುವ ಎಂಜಿನಿಯರ್ 1966ರ ಫೆಬ್ರವರಿಯಲ್ಲಿ ಅದಕ್ಕೆ ದಾರಿ ಬರೆದುಕೊಟ್ಟರು. ಯಂತ್ರ ಆಗಿದ್ದರೆ ಮಿಡಿತಕ್ಕೆ ಏಳು ಆದೇಶಗಳ ತನಕ ಹೊರಡಿಸುತ್ತಿತ್ತು. ಆಗಲಿಲ್ಲ. ಗಂಡಾಗಿ ಹುಟ್ಟಿದ ಕಾನ್ವೇ ಹೆಣ್ಣಾಗಲು ಹೊರಟದ್ದು ತಿಳಿದು 1968ರಲ್ಲಿ ಐಬಿಎಂ ಅವರನ್ನು ಕೆಲಸದಿಂದ ತೆಗೆಯಿತು. ಮರುವರ್ಷ ಯೋಜನೆಯನ್ನೂ ಕೈಬಿಟ್ಟಿತು. ಕಂಪನಿ ಕ್ಷಮೆ ಕೇಳಿದ್ದು 2020ರಲ್ಲಿ. ಒಬ್ಬರ ಬಾಳಿಗೆ ಆದ ಅನ್ಯಾಯ ಒಂದು ಕಡೆ ಇರಲಿ, ತಂತ್ರಜ್ಞಾನವೂ ಅದಕ್ಕೆ ದಂಡ ತೆತ್ತಿತು. ಮಾಡಿ ಮುಗಿಸಿದ್ದ ಲೆಕ್ಕವನ್ನು ಎರಡು ದಶಕಗಳ ಮೇಲೆ ಬೇರೆಯವರು ಮೊದಲಿನಿಂದ ಮಾಡಬೇಕಾಯಿತು.

ಆ ನಡುವಿನ ಕಾಲದಲ್ಲಿ ಒಂದು ಅಪಶಕುನದಂಥ ಸಂಖ್ಯೆ ಎಲ್ಲರನ್ನೂ ಹಿಂದೆ ಜಗ್ಗುತ್ತಿತ್ತು. 1970ರಲ್ಲಿ ಟಿಜಾಡೆನ್ ಮತ್ತು ಫ್ಲಿನ್ ಎಂಬವರು ನಿಜವಾದ ಪ್ರೋಗ್ರಾಮುಗಳನ್ನು ಜಾಲಾಡಿ, ಆದೇಶಗಳನ್ನು ಒಟ್ಟೊಟ್ಟಿಗೆ ನಡೆಸಿದರೂ ಸಿಗುವ ವೇಗ ಸರಾಸರಿ 1.86 ಪಟ್ಟು ಎಂದರು. ಎರಡು ಪಟ್ಟೂ ಅಲ್ಲ! ಇಷ್ಟಕ್ಕಾಗಿ ಅಷ್ಟು ಯಂತ್ರಸಾಮಗ್ರಿ ಏಕೆ ಎಂದು ಕೇಳುವವರ ಬಾಯಿಗೆ ಮಾತು ಸಿಕ್ಕಿತು. ಎರಡು ವರ್ಷದ ಮೇಲೆ ರೈಸ್‌ಮನ್ ಮತ್ತು ಫಾಸ್ಟರ್ ಬೇರೊಂದು ಲೆಕ್ಕ ಮುಂದಿಟ್ಟರು. 'ಹೀಗಾದರೆ ಇಲ್ಲಿಗೆ, ಇಲ್ಲದಿದ್ದರೆ ಅಲ್ಲಿಗೆ' ಎಂಬ ಕವಲು ಆದೇಶಗಳು ಯಾವ ಕಡೆ ತಿರುಗುತ್ತವೆ ಎಂದು ಮೊದಲೇ ಗೊತ್ತಿದ್ದರೆ ಅದೇ ವೇಗ 51 ಪಟ್ಟಿಗೆ ಏರುತ್ತದೆ! ಐದಾರು ಆದೇಶಕ್ಕೊಂದು ಕವಲು ಬರುವ ಪ್ರೋಗ್ರಾಮುಗಳಲ್ಲಿ ಅಡ್ಡಿ ಏನೆಂದು ಅಲ್ಲಿಗೆ ಖಚಿತವಾಯಿತು. ಕವಲನ್ನು ದಾಟುವ ವಿದ್ಯೆ ಬೇಕಿತ್ತು.

ಮೊದಲ ಪಕ್ಷ ಎದ್ದು ನಿಂತದ್ದು ಈ ಹಂತದಲ್ಲಿ. ಯೇಲ್ ವಿಶ್ವವಿದ್ಯಾಲಯದ ಜಾಶ್ ಫಿಶರ್, ಪ್ರೋಗ್ರಾಮ್ ಹೆಚ್ಚಾಗಿ ಹೋಗುವ ದಾರಿಯನ್ನು ಕಂಪೈಲರೇ ಊಹಿಸಿ, ಕವಲುಗಳ ಆಚೀಚೆಯ ಆದೇಶಗಳನ್ನು ಒಂದೇ ಉದ್ದನೆಯ ಸಾಲಿನಲ್ಲಿ ಹೆಣೆಯಲಿ ಎಂದರು. ರಾವ್ ಬೇರೆ ಮಗ್ಗುಲಿನಿಂದ ಬಂದರು. ಮದ್ರಾಸಿನ ಐಐಟಿಯಲ್ಲಿ 1972ರಲ್ಲಿ ಬಿಟೆಕ್, ಸ್ಟ್ಯಾನ್‌ಫರ್ಡಿನಲ್ಲಿ 1977ರಲ್ಲಿ ಪಿಎಚ್‌ಡಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪಾಠ, ಆಮೇಲೆ ಕ್ಯಾಲಿಫೋರ್ನಿಯಾದ ಕಂಪನಿಗಳು. ಅವರ ಕಣ್ಣು ಬಿದ್ದದ್ದು ವಿಜ್ಞಾನದ ಪ್ರೋಗ್ರಾಮುಗಳ ಮೇಲೆ. ಅವು ಬಹುಪಾಲು ಸಮಯ ಕಳೆಯುವುದು ಸಣ್ಣ ಸಣ್ಣ ಲೂಪುಗಳಲ್ಲಿ, ಅದೇ ಕೆಲಸವನ್ನು ಸಾವಿರ ಸಲ ತಿರುಗಿ ತಿರುಗಿ ಮಾಡುತ್ತ.

1981ರಲ್ಲಿ ಅವರು ಗ್ಲೇಸರ್ ಎಂಬವರ ಜೊತೆ ಬರೆದ ಪ್ರಬಂಧದ ತಿರುಳನ್ನು ಹಾಳೆಯ ಮೇಲೆ ಲೆಕ್ಕ ಹಾಕಿಯೇ ನೋಡಬಹುದು. ನೂರು ಸಂಖ್ಯೆಗಳಿವೆ. ಪ್ರತಿಯೊಂದನ್ನೂ ಮೆಮರಿಯಿಂದ ತರಬೇಕು, ಅದಕ್ಕೆ 3 ಮಿಡಿತ. ಗುಣಿಸಬೇಕು, 4 ಮಿಡಿತ. ಮತ್ತೆ ಮೆಮರಿಗೆ ಬರೆಯಬೇಕು, 1 ಮಿಡಿತ. ಒಂದಾದ ಮೇಲೊಂದು ಮಾಡಿದರೆ ಸಂಖ್ಯೆಗೆ 8ರಂತೆ 800 ಮಿಡಿತ. ಆದರೆ ಒಂದನೆಯ ಸಂಖ್ಯೆ ಗುಣಾಕಾರದಲ್ಲಿರುವಾಗ ಎರಡನೆಯದನ್ನು ತರುವುದಕ್ಕೆ ಏನಡ್ಡಿ? ಮೆಮರಿಗೆ ದಾರಿ ಒಂದೇ ಇದ್ದು, ಮಿಡಿತಕ್ಕೆ ಒಂದೇ ಕೋರಿಕೆ ಅದರಲ್ಲಿ ಹೊರಡಬಹುದು ಎಂದಿಟ್ಟುಕೊಳ್ಳೋಣ. ತರುವುದಕ್ಕೊಮ್ಮೆ, ಬರೆಯುವುದಕ್ಕೊಮ್ಮೆ, ಸಂಖ್ಯೆಗೆ ಎರಡು ಸಲ ಆ ದಾರಿ ಬೇಕು. ಆದ್ದರಿಂದ ಎರಡು ಮಿಡಿತಕ್ಕೊಂದು ಹೊಸ ಸುತ್ತು ಶುರು ಮಾಡುವುದೇ ಪರಮಾವಧಿ. ಮೊದಲ ಸುತ್ತು ಸೊನ್ನೆಯನೇ ಮಿಡಿತದಲ್ಲಿ ತರಲು ಹೊರಟರೆ ಬರೆಯುವುದು ಏಳನೆಯದರಲ್ಲಿ. ಅಂದರೆ ತರುವುದೆಲ್ಲ ಸಮ ಮಿಡಿತಗಳಲ್ಲಿ, ಬರೆಯುವುದೆಲ್ಲ ಬೆಸ ಮಿಡಿತಗಳಲ್ಲಿ. ಎಷ್ಟು ಸುತ್ತು ಒಂದರ ಮೇಲೊಂದು ಹೇರಿದರೂ ಡಿಕ್ಕಿಯಿಲ್ಲ. ಗುಣಾಕಾರಕ್ಕೆ 5 ಮಿಡಿತ ಹಿಡಿದಿದ್ದರೆ ಬರೆಯುವುದೂ ಸಮ ಮಿಡಿತಕ್ಕೇ ಬಂದು ತರುವುದಕ್ಕೆ ಅಡ್ಡ ನಿಲ್ಲುತ್ತಿತ್ತು. ಆಗ ಕಂಪೈಲರ್ ಬರೆಯುವುದನ್ನು ಒಂದು ಮಿಡಿತ ಮುಂದೂಡುತ್ತದೆ, ಸುತ್ತಿನ ಗತಿ ಮಾತ್ರ ಎರಡೇ. ಗುಣಾಕಾರಕ್ಕೆ 4 ಮಿಡಿತದ ನಮ್ಮ ಮೊದಲ ಲೆಕ್ಕದಲ್ಲಿ ನೂರು ಸಂಖ್ಯೆಯ ಕೆಲಸ 206 ಮಿಡಿತಕ್ಕೆ ಮುಗಿಯಿತು. ಮಾಡ್ಯುಲೊ ಶೆಡ್ಯೂಲಿಂಗ್ ಎಂಬ ಹೆಸರಿನಲ್ಲಿ ಪಠ್ಯಪುಸ್ತಕ ಸೇರಿದ್ದು ಈ ಕ್ರಮ. ನಮ್ಮ ಸಂಗೀತದವರಿಗೆ ಆವರ್ತದ ಲೆಕ್ಕ ಹೊಸದೇನಲ್ಲ, ಆದರೆ ಯಂತ್ರದ ಘಟಕಗಳನ್ನು ಆವರ್ತಕ್ಕೆ ಕೂರಿಸುವ ನಿಯಮಗಳನ್ನು ಹೀಗೆ ಬಿಡಿಸಿಟ್ಟದ್ದು ಸಣ್ಣ ಸಂಗತಿಯಲ್ಲ.

ಬರೆದು ಸುಮ್ಮನಾಗದೆ ರಾವ್ ಯಂತ್ರವನ್ನೂ ಕಟ್ಟಿಸಿದರು. 1984ರಲ್ಲಿ ಗೆಳೆಯರೊಡನೆ ಸ್ಯಾನ್ ಹೋಸೆಯಲ್ಲಿ ಸೈಡ್ರೋಮ್ ಎಂಬ ಕಂಪನಿ ತೆಗೆದರು. ಅದರ ಸೈಡ್ರಾ 5 ಯಂತ್ರದಲ್ಲಿ ಒಂದು ಆದೇಶದ ಅಗಲ 256 ಬಿಟ್. ಒಂದೊಂದರಲ್ಲೂ ಏಳು ಕೆಲಸಗಳು ಅಕ್ಕಪಕ್ಕ. ಕಾನ್ವೇ ಕನಸಿದ್ದೂ ಏಳೇ, ಆದರೆ ಇಲ್ಲಿ ಹುಡುಕಾಟವನ್ನು ಕಂಪೈಲರ್ ಮೊದಲೇ ಮುಗಿಸಿರುತ್ತಿತ್ತು, ಯಂತ್ರ ಹೇಳಿದ್ದನ್ನು ಮಾಡುತ್ತಿತ್ತು. ಸುತ್ತುಗಳು ಒಂದರ ಮೇಲೊಂದು ಬಂದಾಗ ಒಂದೇ ರಿಜಿಸ್ಟರ್ ಹೆಸರಿಗೆ ಹಲವು ಬೆಲೆಗಳು ಮುಗಿಬೀಳುತ್ತವಲ್ಲ, ಅದಕ್ಕೆ ಸುತ್ತಿಗೊಮ್ಮೆ ತಾವೇ ಹೆಸರು ಸರಿಸಿಕೊಳ್ಳುವ ತಿರುಗು ರಿಜಿಸ್ಟರುಗಳನ್ನು ಇಟ್ಟರು. ಕವಲಿನ ಬದಲು, ಷರತ್ತು ಸುಳ್ಳಾದರೆ ತಣ್ಣಗೆ ಏನೂ ಮಾಡದೆ ಕೂರುವ ಆದೇಶಗಳನ್ನು ಇಟ್ಟರು. ಯಂತ್ರ ಚೆನ್ನಾಗಿಯೇ ಇತ್ತು, ವ್ಯಾಪಾರ ಕೈಕೊಟ್ಟಿತು. 1988ರಲ್ಲಿ ಕಂಪನಿಗೆ ಬಾಗಿಲು ಬಿತ್ತು. ಫಿಶರ್ ಅದೇ ವರ್ಷಗಳಲ್ಲಿ ತೆಗೆದ ಮಲ್ಟಿಫ್ಲೋ ಕೂಡ 1990ರಲ್ಲಿ ಮುಚ್ಚಿತು. ಇಬ್ಬರೂ ಹೋಗಿ ಸೇರಿದ್ದು ಒಂದೇ ಮನೆಯನ್ನು, ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಪ್ರಯೋಗಾಲಯವನ್ನು.

ಅಷ್ಟರಲ್ಲಿ ಹೋಟೆಲಿನವರ ಪಕ್ಷವೂ ನಿದ್ದೆ ಮಾಡಿರಲಿಲ್ಲ. ಯೇಲ್ ಪ್ಯಾಟ್ ಮತ್ತು ಶಿಷ್ಯರು 1985ರಲ್ಲಿ ಬರ್ಕ್ಲಿಯಲ್ಲಿ ಟೊಮಾಸುಲೊ ಉಪಾಯವನ್ನು ಇಡೀ ಪ್ರೊಸೆಸರಿಗೆ ಹರಡಿ ತೋರಿಸಿದರು. ಐಬಿಎಂನ ತಿಲಕ್ ಅಗರ್ವಾಲ ಮತ್ತು ಜಾನ್ ಕಾಕ್ ಇಂಥ ಯಂತ್ರಗಳನ್ನು ಸೂಪರ್‌ಸ್ಕೇಲರ್ ಎಂದು ಕರೆದರು, ಹೆಸರು ನಿಂತಿತು. 1987ರಲ್ಲಿ ಗುರಿಂದರ್ ಸೋಹಿ ಮತ್ತು ಶ್ರೀರಾಮ್ ವಾಜಪೇಯಂ, ಆದೇಶಗಳು ಅಡ್ಡಾದಿಡ್ಡಿ ನಡೆದರೂ ಫಲಿತಾಂಶಗಳನ್ನು ಬರೆದ ಕ್ರಮದಲ್ಲೇ ಖಾತೆಗೆ ಹಚ್ಚುವ ಏರ್ಪಾಡನ್ನು ವಿವರಿಸಿದರು. ನಡುವೆ ಏನಾದರೂ ಕೆಟ್ಟರೆ ಎಲ್ಲಿ ತನಕ ನಿಜವಾಗಿ ನಡೆದಿದೆ ಎಂದು ಹೇಳಲು ಅದು ಬೇಕೇ ಬೇಕು. 1993ರಲ್ಲಿ ವಿನೋದ್ ಧಾಮ್ ಮುಂದಾಳುತನದ ಪೆಂಟಿಯಂ ಬಂತು. ಆದೇಶಗಳು ಸಾಗಲು ಎರಡು ಕೊಳವೆ, ಮಿಡಿತಕ್ಕೆ ಎರಡು ಆದೇಶ, ಅದೂ ಬರೆದ ಕ್ರಮದಲ್ಲೇ. 1995ರ ಪೆಂಟಿಯಂ ಪ್ರೊ ಕ್ರಮವನ್ನೂ ಮುರಿಯಿತು. ಅದರ ಮುಖ್ಯ ಶಿಲ್ಪಿಗಳಲ್ಲಿ ಒಬ್ಬ ಬಾಬ್ ಕಾಲ್‌ವೆಲ್. ಅವನು ಎಲ್ಲಿಂದ ಬಂದವನು ಅಂದರೆ, ಮುಚ್ಚಿಹೋದ ಮಲ್ಟಿಫ್ಲೋದಿಂದ. ಎದುರು ಪಾಳೆಯದಲ್ಲಿ ಪಳಗಿದವನೇ ಬಂದು ಈ ಪಾಳೆಯವನ್ನು ಗೆಲ್ಲಿಸಿದ.

ಇದೇ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎರಡೂ ಪಕ್ಷಗಳು ಒಂದೇ ಆವರಣದಲ್ಲಿದ್ದವು. ವಾಜಪೇಯಂ ಅಲ್ಲಿ ಪ್ರಾಧ್ಯಾಪಕರಾಗಿ ಬಂದಿದ್ದರು. 1997ರಲ್ಲಿ ಅವರೂ ಅವರ ವಿದ್ಯಾರ್ಥಿನಿ ತುಲಿಕಾ ಮಿತ್ರಾ ಅವರೂ ಪ್ರಕಟಿಸಿದ ಪ್ರಬಂಧದ ವಾದ ಸರಳವಾದದ್ದು: ಪ್ರೋಗ್ರಾಮ್ ಅದೇ ಹಾದಿಯಲ್ಲಿ ಮತ್ತೆ ಮತ್ತೆ ನಡೆಯುವಾಗ ಯಾವುದು ಯಾವುದಕ್ಕೆ ಕಾಯಬೇಕು ಎಂದು ಪ್ರತಿ ಸಲ ಏಕೆ ಹುಡುಕಬೇಕು, ಒಮ್ಮೆ ಕಂಡದ್ದನ್ನು ಚಿಪ್ಪು ನೆನಪಿಟ್ಟುಕೊಳ್ಳಲಿ. ಆರ್. ಗೋವಿಂದರಾಜನ್ ಕಂಪೈಲರ್ ಪಕ್ಷದವರು. ಕೆನಡಾದ ಸಂಶೋಧಕರೊಡನೆ ಅವರು 1994ರಲ್ಲಿ ಬರೆದ ಪ್ರಬಂಧ ರಾವ್ ಹಾಕಿದ ಲೆಕ್ಕದ್ದೇ ಮುಂದುವರಿಕೆ. ಸುತ್ತುಗಳನ್ನು ಆದಷ್ಟು ಬೇಗ ಬೇಗ ಶುರು ಮಾಡುತ್ತಲೇ ರಿಜಿಸ್ಟರುಗಳ ಖರ್ಚನ್ನು ಆದಷ್ಟು ಇಳಿಸುವುದು ಹೇಗೆ ಎಂಬುದು. ಊರಿನ ಕಂಪನಿಗಳಲ್ಲೂ ಹೀಗೆಯೇ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1997ರಲ್ಲಿ ಹೊರತಂದ ಸಿ6000 ಸರಣಿ ಮಿಡಿತಕ್ಕೆ ಎಂಟು ಆದೇಶದ್ದು, ಪೂರ್ತಿ ಕಂಪೈಲರನ್ನು ನಂಬಿದ್ದು. ಇಂಟೆಲ್ 2008ರಲ್ಲಿ ಬಿಟ್ಟ ಆರು ಕೋರಿನ ಕ್ಸಿಯಾನ್ 7400 ಬೆಂಗಳೂರಿನಲ್ಲೇ ವಿನ್ಯಾಸಗೊಂಡದ್ದು, ಅದು ಸ್ಥಳದಲ್ಲೇ ಲೆಕ್ಕ ಹಾಕುವ ಜಾತಿ.

ದೊಡ್ಡ ಪಂದ್ಯ ನಡೆದದ್ದು ಇಟೇನಿಯಂ ಹೆಸರಿನಲ್ಲಿ. ರಾವ್ ಮತ್ತು ಮೈಕ್ ಶ್ಲಾನ್ಸ್‌ಕರ್ ಎಚ್‌ಪಿಯಲ್ಲಿ ಬೆಳೆಸಿದ ವಿನ್ಯಾಸವನ್ನು ಹಿಡಿದು ಎಚ್‌ಪಿ ಮತ್ತು ಇಂಟೆಲ್ 1994ರಲ್ಲಿ ಕೈಜೋಡಿಸಿದವು. ಮೂರು ಮೂರು ಆದೇಶಗಳ 128 ಬಿಟ್ ಕಟ್ಟುಗಳು, ಮಿಡಿತಕ್ಕೆ ಎರಡು ಕಟ್ಟು, ಆರು ಆದೇಶ. ಸೈಡ್ರಾದ ತಿರುಗು ರಿಜಿಸ್ಟರುಗಳೂ ಷರತ್ತಿನ ಆದೇಶಗಳೂ ಅದರೊಳಕ್ಕೆ ಬಂದವು. ಮುಂದಿನ ಕಾಲವೆಲ್ಲ ಇದರದ್ದೇ ಎಂದು ಪತ್ರಿಕೆಗಳು ಬರೆದವು. ಚಿಪ್ಪು ಬಂದದ್ದು ಮಾತ್ರ 2001ಕ್ಕೆ, ತೀರ ತಡವಾಗಿ. ಅಷ್ಟರಲ್ಲಿ ಲೇವಡಿ ಮಾಡುವವರು ಅದನ್ನು ಇಟಾನಿಕ್ ಎಂದು ಕರೆಯಲು ಶುರು ಮಾಡಿದ್ದರು. 2003ರಲ್ಲಿ ಎಎಂಡಿ ಹಳೆಯ ಪ್ರೋಗ್ರಾಮುಗಳನ್ನೂ ಓಡಿಸುವ 64 ಬಿಟ್ ಆಪ್ಟೆರಾನ್ ತಂದ ಮೇಲೆ ಇಟೇನಿಯಂ ಏಳಲಿಲ್ಲ.

ಸೋಲಿಗೆ ಕಾರಣ ಕಂಪೈಲರ್ ಬರೆಯುವವರ ಸೋಮಾರಿತನ ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೆಮರಿಯಿಂದ ಒಂದು ಬೆಲೆ ಬರುವುದಕ್ಕೆ ಒಮ್ಮೆ ಮೂರು ಮಿಡಿತ ಸಾಕು, ಇನ್ನೊಮ್ಮೆ ಇನ್ನೂರು ಬೇಕು. ಕ್ಯಾಶ್ ಎಂಬ, ಚಿಪ್ಪಿನೊಳಗಿನ ಸಣ್ಣ ಚುರುಕು ಮೆಮರಿಯಲ್ಲಿ ಅದು ಇದೆಯೋ ಇಲ್ಲವೋ ಎಂಬುದರ ಮೇಲೆ ಇದು ನಿಂತಿದೆ. ಬ್ಯಾಂಕಿನ, ಅಂತರ್ಜಾಲದ, ಕಚೇರಿಯ ಪ್ರೋಗ್ರಾಮುಗಳಲ್ಲಿ ಇದನ್ನು ಮೊದಲೇ ಹೇಳುವುದು ಎಷ್ಟೇ ಜಾಣ ಕಂಪೈಲರಿಗೂ ಆಗದ ಮಾತು. ಚಿಪ್ಪಿಗೆ ಮಾತ್ರ ಆ ಕ್ಷಣದಲ್ಲಿ ಅದು ಕಣ್ಣೆದುರೇ ಇರುತ್ತದೆ. ಕವಲು ಯಾವ ಕಡೆ ಎಂದು ಹಿಂದಿನ ಅನುಭವದಿಂದ ಊಹಿಸುವುದೂ ಚಿಪ್ಪಿಗೇ ಚೆನ್ನಾಗಿ ಕೈಹಿಡಿಯಿತು. ರಾವ್ ಹಾಕಿದ ಲೆಕ್ಕ ನಿಖರವಾದ ಲೂಪುಗಳಿಗಾಗಿ ಹುಟ್ಟಿದ್ದು, ಅದನ್ನು ಹೊತ್ತುಕೊಂಡು ಹೋಗಿ ಸಂತೆಯಲ್ಲಿ ನಿಲ್ಲಿಸಿದ್ದು ಮಾರುಕಟ್ಟೆ.

2002ರಲ್ಲಿ ರಾವ್ ಅವರಿಗೆ ಕಂಪ್ಯೂಟರ್ ವಿನ್ಯಾಸ ಕ್ಷೇತ್ರದ ಅತಿ ದೊಡ್ಡ ಗೌರವವಾದ ಎಕರ್ಟ್-ಮಾಕ್ಲಿ ಪ್ರಶಸ್ತಿ ಬಂತು. ಅದೇ ಡಿಸೆಂಬರಿನಲ್ಲಿ ತೀರಿಕೊಂಡರು, ಐವತ್ತರ ಆಸುಪಾಸಿನ ವಯಸ್ಸು. ಅವರ ಹೆಸರಿನಲ್ಲಿ ಈಗ ಐಟ್ರಿಪಲ್‌ಇ ಕಂಪ್ಯೂಟರ್ ಸೊಸೈಟಿಯ ಪ್ರಶಸ್ತಿಯೊಂದಿದೆ. ಅವರ ಲೆಕ್ಕಕ್ಕೆ ತಕ್ಕ ಜಾಗವೂ ಸಿಕ್ಕಿತು. ದನಿ, ಚಿತ್ರ, ರೇಡಿಯೊ ಸಂಕೇತ ಇವೆಲ್ಲ ನಿಖರವಾದ ಲೂಪುಗಳೇ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ಫೋನುಗಳಲ್ಲಿ ಇಂಥ ಕೆಲಸಕ್ಕಿರುವ ಹೆಕ್ಸಗಾನ್ ಎಂಬ ಘಟಕ ಕಂಪೈಲರ್ ಕಟ್ಟಿಕೊಟ್ಟ ನಾಲ್ಕು ನಾಲ್ಕು ಆದೇಶಗಳ ಪೊಟ್ಟಣಗಳನ್ನೇ ನುಂಗುತ್ತದೆ, ಪಕ್ಕದಲ್ಲೇ ಸ್ಥಳದ ಲೆಕ್ಕದ ದೊಡ್ಡ ಕೋರುಗಳು ತಮ್ಮ ಪಾಡಿಗೆ ತಾವು ಓಡುತ್ತಿರುತ್ತವೆ. ಮುಳಬಾಗಿಲಿನ ಯಾವ ಮೊಬೈಲ್ ಅಂಗಡಿಯಲ್ಲಿ ಕೇಳಿದರೂ ಅಂಥ ಫೋನು ಸಿಗುತ್ತದೆ.

2018ರ ಜನವರಿಯಲ್ಲಿ ಗೆದ್ದವರ ಮನೆಗೆ ಸಿಡಿಲು ಬಡಿಯಿತು. ಕವಲನ್ನು ಊಹಿಸಿ, ಅಪ್ಪಣೆಯಿಲ್ಲದ ಬೆಲೆಯನ್ನೂ ಮುಂಚಿತವಾಗಿ ಎತ್ತಿಕೊಂಡು, ಊಹೆ ತಪ್ಪಿದಾಗ ಎಲ್ಲ ಅಳಿಸಿಬಿಟ್ಟೆ ಎನ್ನುತ್ತಿದ್ದ ಚಿಪ್ಪುಗಳು ನಿಜವಾಗಿ ಎಲ್ಲವನ್ನೂ ಅಳಿಸುತ್ತಿರಲಿಲ್ಲ. ಕ್ಯಾಶಿನಲ್ಲಿ ಉಳಿದ ಸುಳಿವು ಹಿಡಿದು ಇನ್ನೊಬ್ಬರ ಗುಟ್ಟನ್ನು ಓದಬಹುದಿತ್ತು. ಮೆಲ್ಟ್‌ಡೌನ್, ಸ್ಪೆಕ್ಟರ್ ಎಂದು ಈ ಬಿರುಕುಗಳಿಗೆ ಹೆಸರಾಯಿತು. ಮೆಲ್ಟ್‌ಡೌನ್ ಕಂಡುಹಿಡಿದವರು ಹೇಳಿದ್ದು, 1995ರಿಂದ ಈಚೆಗೆ ಬಂದ ಇಂಟೆಲ್ಲಿನ ಬಹುತೇಕ ಎಲ್ಲ ಪ್ರೊಸೆಸರುಗಳಿಗೂ ಇದು ತಟ್ಟಬಹುದು ಎಂದು. ಹೊರತಾದವು 2013ಕ್ಕೂ ಹಿಂದಿನ ಆಟಮ್ ಮತ್ತು ಇಟೇನಿಯಂ. ಆ ಇಟೇನಿಯಂನ ಕೊನೆಯ ಸರಕು ಇಂಟೆಲ್ ಗೋದಾಮಿನಿಂದ ಹೊರಟದ್ದು 2021ರ ಜುಲೈಯಲ್ಲಿ.